ತೊಳೆಸದ ರೀಲು, ಕಸೆ ಹಚ್ಚದ ಕುಂಚಿಗೆ

ರೊಟ್ಟಿ ಬಡಿಯುತ್ತಿದ್ದೆ. ಹಿಂದೆ ಗೋಡೆಗೆ ಒರಗಿ ಕೂತು ನೆಗೆಣ್ಣಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ರೋಣದ ಈ ಮನೆಯಲ್ಲಿ ನಾವಿಬ್ಬರೂ ಒಂದೇ ಒಲೆಯ ಮುಂದೆ ಇಪ್ಪತ್ತೈದು ವರ್ಷ ಕಳೆದವರು. ಗಂಡಂದಿರು ಕಡಲೆ, ಹೆಸರುಕಾಳಿನ ವ್ಯಾಪಾರಕ್ಕೆಂದು ಬೆಳಿಗ್ಗೆಯೇ ಹೊರಬಿದ್ದರೆ ಆಮೇಲೆ ಮನೆ ನಮ್ಮಿಬ್ಬರದೇ. ಜಕ್ಕಲಿಗೆ ಕೊಟ್ಟ ಅವಳ ಮಗಳಿಗೆ ಆಗ ಏಳನೆಯ ತಿಂಗಳು. ಕುಬಸ ಮಾಡಿ ಹೆರಿಗೆಗೆ ಕರೆತರುವ ಮಾತು ಮನೆಯಲ್ಲಿ ನಡೆದಿತ್ತು.

"ಅಕ್ಕಾರ, ಆ ಕುಂಚಿಗಿ ಇನ್ನೂ ಐತೇನ್ರಿ?" ಎಂದಳು, ಸೊಪ್ಪಿನಿಂದ ಕಣ್ಣೆತ್ತದೆ.

ಯಾವ ಕುಂಚಿಗೆ ಎಂದು ನಾನು ಕೇಳಲಿಲ್ಲ. ಕೂಸಿನ ತಲೆಗೆ ಟೊಪ್ಪಿಗೆಯಾಗಿ, ಬೆನ್ನಿಗೆ ಹೊದಿಕೆಯಾಗಿ ಇಳಿಯುವ, ಖಣದ ಬಟ್ಟೆಯಲ್ಲಿ ಹೊಲಿಯುವ ಉಡುಪು ಅದು. ನಾನು ಜೀವಮಾನದಲ್ಲಿ ಹೊಲಿಯಲು ಹಿಡಿದದ್ದು ಒಂದೇ ಒಂದು ಕುಂಚಿಗೆ, ಅದನ್ನೂ ಮುಗಿಸಲಿಲ್ಲ. ಇಪ್ಪತ್ತಮೂರು ವರ್ಷಗಳಲ್ಲಿ ಆ ಮಾತು ನಮ್ಮ ನಡುವೆ ಬಂದದ್ದು ಅದೇ ಮೊದಲು.

"ಇರಬೇಕು. ಟ್ರಂಕಿನ್ಯಾಗ," ಎಂದೆ.

"ಮುಗಿಸಿಕೊಡ್ರಿ. ಮಗಳ ಕೂಸಿಗೆ ಆಗತೈತಿ."

"ಅದನ್ನ? ಮಂದಿ ಏನಂದಾರು?"

"ಅದನ್ನ ಯಾರೂ ತೊಟ್ಟಿದ್ದಿಲ್ಲಲ್ರಿ. ತೊಡದ ಅರಿವಿಗೆ ಏನ ದೋಷ?"

ಹೆಂಚಿನ ಮೇಲಿನ ರೊಟ್ಟಿ ಸೀದಿತ್ತು. ತೆಗೆದು ಪಕ್ಕಕ್ಕೆ ಹಾಕಿ ಇನ್ನೊಂದು ಬಡಿದೆ. ನನಗೆ ಏನೂ ಅನಿಸಲಿಲ್ಲ. ಬೆರಳು ಸುಟ್ಟದ್ದು ಮಧ್ಯಾಹ್ನ ಊಟಕ್ಕೆ ಕೂತು ಪಲ್ಯಕ್ಕೆ ಕೈ ಹಾಕಿದಾಗ ಗೊತ್ತಾಯಿತು.

ನನ್ನ ಟ್ರಂಕಿನ ಬಗ್ಗೆ ಹೇಳಬೇಕು. ಮನೆಯವರಿಗೆಲ್ಲ ಅದೊಂದು ನಗೆಪಾಟಲಿನ ವಸ್ತು. "ನಿನ್ನ ಟ್ರಂಕಿನ್ಯಾಗ ಅರ್ಧಾ ಊರ ಐತಿ" ಎಂದು ನನ್ನ ಗಂಡ ಬಂದವರಿಗೆಲ್ಲ ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ. ಬಾಗಿಲಿಗೆ ಕಟ್ಟಲು ಹೆಣೆದ ಮಣಿ ತೋರಣ ಅದರಲ್ಲಿದೆ. 'ಸುಸ್ವಾಗತ' ಎಂದು ಬರೆಯಲು ಹೊರಟವಳು 'ಸುಸ್ವಾ' ಎಂಬಲ್ಲಿಗೆ ನಿಂತಿದ್ದೆ. ಹಿಡಿಕೆಯಿಲ್ಲದ ವಾಯರ್ ಬುಟ್ಟಿಯಿದೆ. ಟಿವಿಗೆ ಹೊದಿಸಲೆಂದು ಹಿಡಿದ ಕ್ರೋಶಾ ಬಟ್ಟೆಯಿದೆ, ಅದು ಮುಗಿಯುವುದರೊಳಗೆ ಟಿವಿಗಳೇ ಹಲಗೆಯಂತೆ ತೆಳ್ಳಗಾಗಿ ಗೋಡೆ ಹತ್ತಿದವು. ಕಸೂತಿಯ ಗೋಪುರವೊಂದು ಕಳಸವಿಲ್ಲದೆ ನಿಂತಿದೆ. ನಾನು ಹುಟ್ಟಾ ಹೀಗಿದ್ದವಳಲ್ಲ. ನರಗುಂದದ ತವರಿನಲ್ಲಿದ್ದಾಗ ಹಿಡಿದದ್ದನ್ನು ಮುಗಿಸಿಯೇ ಏಳುತ್ತಿದ್ದೆ. ಮೊದಲು ಅರ್ಧಕ್ಕೆ ನಿಂತದ್ದು ಕುಂಚಿಗೆ. ಆಮೇಲೆ ಹಿಡಿದದ್ದೆಲ್ಲ ಅದೇ ಹಾದಿ ಹಿಡಿಯಿತು.

ಟ್ರಂಕಿನ ತಳದಲ್ಲಿ, ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟದ್ದು ಕ್ಯಾಮೆರಾ.

ನಮ್ಮಪ್ಪ ನರಗುಂದದಲ್ಲಿ ಡ್ರಾಯಿಂಗ್ ಮಾಸ್ತರು. ನನ್ನ ಮದುವೆ ಗೊತ್ತಾದಾಗ "ಮಿಕ್ಸರ್ ಬೇಕೋ ಕ್ಯಾಮೆರಾ ಬೇಕೋ" ಎಂದು ಕೇಳಿದರು. ಕ್ಯಾಮೆರಾ ಎಂದೆ. ಅಪ್ಪನದೇ ಹಳೆಯ ಕ್ಯಾಮೆರಾ, ಕೈಯಿಂದ ಸನ್ನೆ ಎಳೆದು ರೀಲು ಮುಂದೆ ಸರಿಸುವಂಥದ್ದು. ಅದನ್ನು ನೋಡಿ ಅತ್ತೆ, "ಇಕಿ ಚಟ್ನಿ ಅದರಾಗ ಅರೀತಾಳೇನು?" ಎಂದಿದ್ದರು. ಬೈಗುಳವಲ್ಲ, ಅವರ ಮಾತಿನ ಧಾಟಿಯೇ ಹಾಗೆ. ಗಜೇಂದ್ರಗಡದಲ್ಲಿ ಅಪ್ಪನ ಗೆಳೆಯರೊಬ್ಬರ ಸ್ಟುಡಿಯೋ ಇತ್ತು. ರೀಲು ಹಾಕಿಸಿಕೊಳ್ಳುವುದು, ಮುಗಿದ ಮೇಲೆ ತೊಳೆಸುವುದು ಎಲ್ಲ ಅವರಲ್ಲೇ. ಊರೆಲ್ಲ ಬಣ್ಣದ ಫೋಟೋಕ್ಕೆ ತಿರುಗಿದ್ದರೂ ಅವರು ಕಪ್ಪು-ಬಿಳುಪನ್ನು ತಮ್ಮ ಕೈಯಿಂದಲೇ ತೊಳೆಯುತ್ತಿದ್ದರು, ನನಗೂ ಅದೇ ಇಷ್ಟವಿತ್ತು. ಅಬ್ಬಿಗೇರಿ ದಾಟಿ ಬಸ್ಸಿನಲ್ಲಿ ಹೋಗಿಬರುವುದೇ ನನಗೊಂದು ಹಬ್ಬ.

ಒಂದು ಸಲ ಮಾತ್ರ ನಾನೇ ರೀಲು ಹಾಕಿದೆ. ಅಂಗಳದಲ್ಲಿ ಕೂತು, ಕ್ಯಾಮೆರಾದ ಹಿಂದಿನ ಬಾಗಿಲು ತೆರೆದು, ರೀಲಿನ ನಾಲಿಗೆಯನ್ನು ಎಳೆದು ಆ ಕಡೆಯ ಗಾಲಿಗೆ ಸಿಕ್ಕಿಸಿ, ಟಪ್ಪೆಂದು ಮುಚ್ಚಿದೆ. ಇದೇನು ಬ್ರಹ್ಮವಿದ್ಯೆಯೇ ಎಂದು ನನ್ನಷ್ಟಕ್ಕೆ ಜಂಬಪಟ್ಟೆ. ಆ ರೀಲಿನಲ್ಲಿ ಮೊದಲ ಹದಿಮೂರು ಫೋಟೋಗಳು ಮೂರು ವರ್ಷದ ನನ್ನ ಮಗನವು, ಮೆಣಸಿನಕಾಯಿ ಒಣಹಾಕುವ ಅತ್ತೆಯವು, ಬಸುರಿ ನೆಗೆಣ್ಣಿಯವು. ಅವಳ ತವರು ಹೊಳೆಆಲೂರು. ಚೊಚ್ಚಲ ಹೆರಿಗೆಗೆ ಹೋಗಬೇಕಾದದ್ದು ಅಲ್ಲಿಗೇ, ಆದರೆ ಅಲ್ಲಿ ಬಾಣಂತನ ಮಾಡುವ ತಾಯಿ ಇರಲಿಲ್ಲ. ಹಾಗಾಗಿ ರೋಣದಲ್ಲೇ ಆಯಿತು. ಬಾಣಂತನ ನನ್ನ ಪಾಲಿಗೆ ಬಂತು. ಸಂತೋಷದಿಂದಲೇ ಮಾಡಿದೆ. ಎರೆದೆ, ಕಾಯಿಸಿದೆ, ಖಾರ ಕುಟ್ಟಿದೆ, ಹೆಸರಿಡುವ ದಿನಕ್ಕೆಂದು ಕುಂಚಿಗೆ ಹೊಲಿಯಲು ಕೂತೆ.

ಕುಂಚಿಗೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಬಟ್ಟೆ ಕತ್ತರಿಸಿ ಹೊಲಿಯುವುದನ್ನು ಯಾವಾಗ ಬೇಕಾದರೂ ಶುರುಮಾಡಬಹುದು, ಆದರೆ ಗದ್ದದ ಕೆಳಗೆ ಕಟ್ಟುವ ಕಸೆಗಳನ್ನು ಮಾತ್ರ ತೊಡುವ ಕೂಸಿನ ಮುಖ ನೋಡುತ್ತ ಕೊನೆಗೆ ಹಚ್ಚಬೇಕು. ಇನ್ನೊಂದು ಕಟ್ಟಳೆ ಅತ್ತೆಯದು. ಹೆಸರಿಡುವವರೆಗೆ ಕೂಸಿನ ಫೋಟೋ ತೆಗೆಯಬಾರದು, ಆಯುಷ್ಯ ಕಮ್ಮಿಯಾಗುತ್ತದೆ. ನನ್ನ ಕ್ಯಾಮೆರಾ ನೋಡಿಯೇ ಆ ಮಾತನ್ನು ಅವರು ಎರಡು ಸಲ ಹೇಳಿದ್ದರು.

ಐದನೆಯ ದಿನ ಐದೇಶಿ. ಅಂದು ಶೆಟಗೆವ್ವ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆಂದು ಅವಳ ಪೂಜೆಗೆ ಒಂದು ಖಾಲಿ ಹಾಳೆ, ಒಂದು ಪೆನ್ನು ಇಡುತ್ತೇವೆ. ಮಧ್ಯಾಹ್ನ ಅತ್ತೆ ಮುತ್ತೈದೆಯರನ್ನು ಕರೆಯಲು ಓಣಿಗೆ ಹೋಗಿದ್ದರು. ನೆಗೆಣ್ಣಿ ಮಲಗಿದ್ದಳು. ಬೆಳಕಿಂಡಿಯಿಂದ ಬಿಸಿಲು ಅವಳು ಮಲಗಿದ್ದ ಹೊರಸಿನ ಮೇಲೆ ಸರಿಯಾಗಿ ಕೂಸಿನ ಪಕ್ಕಕ್ಕೆ ಬಿದ್ದಿತ್ತು. ಅಂಥ ಬೆಳಕು ದಿನಾ ಬರುವುದಿಲ್ಲ. ನಾನು ಕ್ಯಾಮೆರಾ ತಂದೆ. ಅದರ ಕಿಂಡಿಯಲ್ಲಿ ಕಣ್ಣಿಟ್ಟು ತುಂಬಾ ಹೊತ್ತು ನೋಡಿದೆ, ಆಮೇಲೆ ಗುಂಡಿ ಒತ್ತಿದೆ. ಖಟ್ ಎಂದಿತು. ಸನ್ನೆ ಎಳೆದಾಗ ಎಣಿಕೆಯ ಮುಳ್ಳು ಹದಿನಾಲ್ಕಕ್ಕೆ ಬಂತು.

ಎಂಟನೆಯ ದಿನ ಕೂಸು ಮೊಲೆ ಬಿಟ್ಟಿತು. ಒಂಬತ್ತನೆಯ ದಿನ ದವಾಖಾನೆಯಿಂದ ಬರಿಗೈಯಲ್ಲಿ ಬಂದೆವು. ಬರಿಗೈ ಎಂದರೆ ತಪ್ಪಾಗುತ್ತದೆ, ನನ್ನ ಕೈಯಲ್ಲೇ ಅದನ್ನು ತಂದಿದ್ದೆ. ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಅದಕ್ಕೆ ಹೆಸರಿಟ್ಟಿರಲಿಲ್ಲ, ತೊಟ್ಟಿಲಿಗೆ ಹಾಕಿರಲಿಲ್ಲ. ಇವತ್ತಿಗೂ ನಾವು ಅದನ್ನು ಕರೆಯಬೇಕೆಂದರೆ 'ಆ ಕೂಸು' ಎಂದೇ ಕರೆಯಬೇಕು, ಹಾಗಾಗಿ ಕರೆಯುವುದೇ ಇಲ್ಲ.

"ಯಾರ ಕಣ್ಣ ಬಿತ್ತೋ ಏನೋ" ಎಂದರು ಅತ್ತೆ. ಯಾರನ್ನೂ ಕುರಿತು ಹೇಳಿದ ಮಾತಲ್ಲ, ದುಃಖಕ್ಕೆ ಬಂದ ಮಾತು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿದೆ. ಬಿ.ಎ. ಓದಿದವಳು ನಾನು, ಡ್ರಾಯಿಂಗ್ ಮಾಸ್ತರ ಮಗಳು. ಫೋಟೋ ತೆಗೆದರೆ ಆಯುಷ್ಯ ಕಮ್ಮಿಯಾಗುತ್ತದೆಂದು ನಂಬುವವಳಲ್ಲ. ಆದರೂ ಆ ಗಳಿಗೆಯಲ್ಲಿ ನಂಬಿದೆ. ನಂಬಿದ್ದು ತಲೆಯಲ್ಲ, ಕೈ. ಗುಂಡಿ ಒತ್ತಿದ ಆ ಬೆರಳು ಅವತ್ತಿನಿಂದ ನನ್ನದಲ್ಲ ಎನ್ನಿಸಿತು. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದರೆ ದವಡೆ ಇರುತ್ತದೆ, ಅದರಲ್ಲಿ ಏನೂ ಇರುವುದಿಲ್ಲವಲ್ಲ, ಹಾಗೆ. ಮೊದಲು ಬೆರಳಿಗೆ ಆದದ್ದು ಆಮೇಲೆ ಎಲ್ಲ ಕಡೆ ಹಬ್ಬಿತು. ಅಪ್ಪ ತೀರಿಕೊಂಡಾಗ ಬಂದವರಿಗೆಲ್ಲ ಸರಿಯಾಗಿ ಚಹಾ ಸಿಕ್ಕಿತೋ ಇಲ್ಲವೋ ಎಂದು ನೋಡುತ್ತ ಓಡಾಡಿದೆ. ಜನ ನನ್ನನ್ನು ಗಟ್ಟಿ ಹೆಂಗಸು ಎಂದರು.

ರೀಲನ್ನು ತೊಳೆಸಲಿಲ್ಲ. ಎಸೆಯಲೂ ಇಲ್ಲ. ಮರುವರ್ಷವೇ ನೆಗೆಣ್ಣಿಗೆ ಮಗಳು ಹುಟ್ಟಿದಳು, ಅವಳ ಕುಂಚಿಗೆಯನ್ನು ಓಣಿಯ ಬೇರೆಯವರು ಹೊಲಿದರು. ಅತ್ತೆ ಹೋದರು. ಆ ಕೂಸಿನ ಮುಖ ಜಗತ್ತಿನಲ್ಲಿ ಎಲ್ಲಾದರೂ ಉಳಿದಿದ್ದರೆ ಅದು ನನ್ನ ಟ್ರಂಕಿನ ತಳದಲ್ಲಿ, ಟವೆಲ್ಲಿನೊಳಗೆ, ಆ ಕ್ಯಾಮೆರಾದೊಳಗೆ ಮಾತ್ರ. ಇದು ನನಗೆ ಪ್ರತಿದಿನ ಗೊತ್ತಿತ್ತು. ಕೂಸನ್ನು ಹೆತ್ತವಳು ಎರಡು ಮಾರು ದೂರದಲ್ಲಿ ಸೊಪ್ಪು ಸೋಸುತ್ತಿರುತ್ತಿದ್ದಳು, ನಾನು ಸುಮ್ಮನಿರುತ್ತಿದ್ದೆ.

ಕುಂಚಿಗೆ ಕೇಳಿದ ಮರುದಿನ ಟ್ರಂಕು ತೆರೆದೆ. ಕಠಿಣವಾದದ್ದನ್ನು ಮುಂದೂಡಲು ಸುಲಭವಾದದ್ದನ್ನು ಹಿಡಿಯುವುದು ನನ್ನ ಹಳೆಯ ಚಾಳಿ. ಮೊದಲು ತೋರಣಕ್ಕೆ ಕೈ ಹಾಕಿದೆ. ಆ ಬಣ್ಣದ ಮಣಿ ಈಗ ಸಿಗುವುದಿಲ್ಲ, ಹಾಗಾಗಿ ನಮ್ಮ ಬಾಗಿಲಲ್ಲಿ ಈಗ 'ಸುಸ್ವಾ' ಹಸಿರು, 'ಗತ' ನೀಲಿ. ಬುಟ್ಟಿಗೆ ಹಿಡಿಕೆ ಹಾಕಿದೆ. ಕ್ರೋಶಾ ಬಟ್ಟೆಗೆ ಅಂಚು ಹೆಣೆದೆ. ಗೋಪುರಕ್ಕೆ ಕಳಸವಿಟ್ಟೆ. ಹನ್ನೆರಡು ದಿನ ಹಿಡಿಯಿತು. ಗಂಡ ದಿನಾ ಸಂಜೆ ಬಂದು ನಿಂತು ನೋಡಿ, "ಏನ್ ಬಡಕೊಂತ ನಿನಗ? ಎಲ್ಲಾ ಮುಗಸಾಕ ಹತ್ತೀದಿ?" ಎಂದು ಹೆದರಿದವರಂತೆ ಕೇಳುತ್ತಿದ್ದರು. ಮುಗಿಸಿದರೆ ಖುಷಿಯಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಒಂದು ಮುಗಿಯಿತು, ಮಡಚಿಟ್ಟೆ, ಇನ್ನೊಂದನ್ನು ತೆಗೆದೆ.

ಕುಂಚಿಗೆಯ ಖಣ ಮಡಿಕೆಗಳಲ್ಲಿ ಮಾಸಿತ್ತು, ಉಳಿದಂತೆ ಗಟ್ಟಿಯಾಗಿತ್ತು. ನೆತ್ತಿಯ ಮೇಲಿನ ಚೂಪು ಹೊಲಿದಾಗಿತ್ತು. ಅಂಚಿಗೆ ಜರಿಪಟ್ಟಿ, ಹಿಂದೆ ಗೊಂಡೆ ಬಾಕಿ. ಹಳೆಯ ಸೂಜಿ ಅದರಲ್ಲೇ ಸಿಕ್ಕಿಕೊಂಡು ತುಕ್ಕು ಹಿಡಿದಿತ್ತು. ಆ ಸೂಜಿ ತೆಗೆದು ಹೊಸದರಲ್ಲಿ ದಾರ ಪೋಣಿಸಿ, ನಿಂತಲ್ಲಿಂದಲೇ ಮುಂದುವರಿಸಿದೆ. ನೆಗೆಣ್ಣಿ ಎದುರಿಗೇ ಕೂತಿರುತ್ತಿದ್ದಳು. ಒಮ್ಮೆ ಜರಿಪಟ್ಟಿ ಹಿಡಿದು, "ಸ್ವಲ್ಪ ಸಡಿಲ ಬಿಡ್ರಿ, ಕುತ್ತಿಗಿಗೆ ಚುಚ್ಚತೈತಿ," ಎಂದಳು. ನಾಲ್ಕು ದಿನಕ್ಕೆ ಮುಗಿಯಿತು. ಕಸೆಗಳೆರಡನ್ನು ಹೊಲಿದು ಬೇರೆಯಾಗಿ ಇಟ್ಟೆ, ಹಚ್ಚುವುದು ಆಮೇಲೆ.

ಇನ್ನು ಟ್ರಂಕಿನಲ್ಲಿ ಉಳಿದದ್ದು ಕ್ಯಾಮೆರಾ ಒಂದೇ. ಮೂವತ್ತಾರರ ರೀಲು, ಹದಿನಾಲ್ಕು ತೆಗೆದಾಗಿದೆ, ಇಪ್ಪತ್ತೆರಡು ಬಾಕಿ. ಹಾಗೆಯೇ ತೆಗೆದು ತೊಳೆಸಬಹುದಿತ್ತು. ಆದರೆ ಎಲ್ಲವನ್ನೂ ಮುಗಿಸುತ್ತಿದ್ದವಳಿಗೆ ಇದನ್ನೂ ಮುಗಿಸಿಯೇ ಕೊಡಬೇಕೆನಿಸಿತು. ಅದು ಒಂದು ನೆಪವೂ ಹೌದು. ಒಲೆಯದು ಒಂದು ತೆಗೆದೆ. ಗಂಡನ ಚಪ್ಪಲಿ, ಗೋಡೆಯ ಮೇಲಿನ ಅತ್ತೆಯ ಫೋಟೋ, ಕಟ್ಟೆಯ ಮೇಲೆ ಒಣಗಿದ ಸೆಂಡಿಗೆ, ಮುಗಿದ ತೋರಣ, ಮುಗಿದ ಬುಟ್ಟಿ. ನೆಗೆಣ್ಣಿಯ ಕಡೆ ತಿರುಗಿಸಿದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಮುದುಕ್ಯಾರ ಫೋಟೋ ಯಾಕ ಬೇಕ್ರಿ?" ಎಂದಳು. ಆಮೇಲೆ ಕ್ಯಾಮೆರಾವನ್ನೇ ನೋಡುತ್ತ, "ಇನ್ನೂ ನಡೀತೈತೇನ್ರಿ ಅದು?" ಎಂದು ಕೇಳಿದಳು.

"ನಡೀತೈತಿ."

"ಅದರಾಗ ಹಳೇ ರೀಲ ಐತೇನು?"

"ಹೂಂ" ಎಂದೆ. ಅವಳು ಮತ್ತೇನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ ಎಂದು ಈಗ ಅನಿಸುತ್ತದೆ.

ಕೊನೆಯದಾಗಿ ಕುಂಚಿಗೆಯನ್ನು ಅದೇ ಬೆಳಕಿಂಡಿಯ ಕೆಳಗೆ ಹಾಸಿ ತೆಗೆದೆ. ಎಣಿಕೆ ಮೂವತ್ತಾರಕ್ಕೆ ಬಂತು. ಅಲ್ಲಿಗೆ ಸನ್ನೆ ಬಿಗಿದು ನಿಲ್ಲಬೇಕು. ನಿಲ್ಲಲಿಲ್ಲ. ಮೂವತ್ತೇಳು, ಮೂವತ್ತೆಂಟು, ಎಳೆದಷ್ಟೂ ಬಂತು. ಕಂಪನಿಯವರು ಒಂದೆರಡು ಹೆಚ್ಚು ಕೊಟ್ಟಿರಬೇಕೆಂದುಕೊಂಡೆ.

ಗಜೇಂದ್ರಗಡದ ಸ್ಟುಡಿಯೋದ ಕಾಕಾಗೆ ಫೋನು ಮಾಡಿದೆ. ಎಪ್ಪತ್ತು ದಾಟಿದ್ದಾರೆ, ಆದರೆ ದನಿ ಹಾಗೇ ಇದೆ. "ಈಗ ಯಾರ ತೊಳಸ್ತಾರವ್ವಾ ರೀಲ?" ಎಂದು ನಕ್ಕರು. ಮೂರು ದಿನದ ಮೇಲೆ ತಾವೇ ಫೋನು ಮಾಡಿ, "ಹುಬ್ಬಳ್ಳಿಯಿಂದ ರೀಲ ತೊಳಿಯೋ ಪುಡಿ ತರಿಸೀನಿ. ಬಾ. ನನಗೂ ಕೈ ತುರಸಾಕ ಹತ್ತೈತಿ," ಎಂದರು.

ಮನೆಯಲ್ಲಿ ನರಗುಂದಕ್ಕೆ ತವರಿಗೆ ಹೋಗಿಬರುತ್ತೇನೆಂದು ಹೇಳಿ ಗಜೇಂದ್ರಗಡದ ಬಸ್ಸು ಹತ್ತಿದೆ. ಈ ವಯಸ್ಸಿನಲ್ಲಿ ಸುಳ್ಳು ಹೇಳಿ ಊರಿಗೆ ಹೋಗುವುದು ನಾಚಿಕೆಗೇಡು. ಎರೆಹೊಲಗಳಲ್ಲಿ ಕಡಲೆ ಹೂವಿಗೆ ಬಂದಿತ್ತು. ದೂರದಿಂದಲೇ ಗುಡ್ಡದ ಮೇಲಿನ ಗಾಳಿಗಿರಣಿಗಳು ಕಂಡವು, ನಾನು ರೀಲು ತೊಳೆಸಲು ಓಡಾಡುತ್ತಿದ್ದ ಕಾಲಕ್ಕೆ ಅವು ಇರಲಿಲ್ಲ. ಮುಖ ಬಂದರೆ ಏನು ಮಾಡುವುದೆಂದು ಬಸ್ಸಿನಲ್ಲಿ ತೀರ್ಮಾನಿಸಿದೆ. ದೊಡ್ಡದು ಮಾಡಿಸಿ ಅವಳ ಕೈಗೆ ಕೊಡಬೇಕು, ಯಾವಾಗ ತೆಗೆದದ್ದೆಂದು ಹೇಳಬೇಕು, ಅವಳು ಬೈದರೆ ಬೈಸಿಕೊಳ್ಳಬೇಕು. ಮುಖ ಬರದಿದ್ದರೆ ಎಂಬ ಯೋಚನೆಯೇ ನನಗೆ ಬರಲಿಲ್ಲ.

ಸ್ಟುಡಿಯೋ ಈಗ ಅವರ ಮಗನ ಫ್ಲೆಕ್ಸ್ ಅಂಗಡಿಯಾಗಿದೆ. ಹಿಂದಿನ ಬಚ್ಚಲುಮನೆಯೇ ಕಾಕಾನ ಕತ್ತಲೆಕೋಣೆ. ಕ್ಯಾಮೆರಾ ಕೈಗೆ ಕೊಟ್ಟೆ. ನೇವರಿಸಿ, "ನಿಮ್ಮಪ್ಪನ ಸಾಮಾನು," ಎಂದರು. ಆಮೇಲೆ ರೀಲನ್ನು ಡಬ್ಬಿಗೆ ಹಿಂದಕ್ಕೆ ಸುತ್ತುವ ಹಿಡಿಕೆಯನ್ನು ಎತ್ತಿ ತಿರುಗಿಸಿದರು. ಎರಡೇ ಸುತ್ತು. ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

"ಇದನ್ನ ಹಾಕಿದ್ದು ಯಾರು?"

"ನಾನ."

"ಹೂಂ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಸ್ಟೂಲಿನ ಮೇಲೆ ಕೂತೆ. ಯಂತ್ರದಿಂದ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಹಣೆಯಿಂದ ಶುರುವಾಗಿ ನಿಧಾನಕ್ಕೆ ಇಳಿಯುತ್ತಿತ್ತು. ಕಣ್ಣು ಬಂತು, ಮೂಗು ಬಂತು, ಮೀಸೆ ಬಂತು. ಎಷ್ಟು ಸುಲಭಕ್ಕೆ ಒಂದು ಮುಖ ಬರುತ್ತದೆಂದು ಸಿಟ್ಟು ಬಂತು. ಆ ಕೆಲವು ವಾರಗಳಲ್ಲಿ ನನಗೆ ಬಂದ ಸಿಟ್ಟು ಅದೊಂದೇ.

ಮುಕ್ಕಾಲು ಗಂಟೆಯ ಮೇಲೆ ಕಾಕಾ ಒದ್ದೆ ರೀಲನ್ನು ಎರಡು ಕೈಯಲ್ಲಿ ಹಿಡಿದು ಹೊರಬಂದರು. ಬಾಗಿಲ ಬೆಳಕಿಗೆ ಎತ್ತಿ ಹಿಡಿದರು. ಉದ್ದಕ್ಕೂ ಮಬ್ಬು, ಹೊಗೆ ಹಿಡಿದ ಲಾಟೀನಿನ ಗಾಜಿನಂತೆ. ಅದರಲ್ಲಿ ಏನೂ ಇರಲಿಲ್ಲ. ಅಂಚಿನಲ್ಲಿ ಮಾತ್ರ ಒಂದು, ಎರಡು, ಮೂರು ಎಂದು ಸಣ್ಣ ಅಂಕಿಗಳು ಸ್ಪಷ್ಟವಾಗಿ ಮೂಡಿದ್ದವು.

"ಹಳೇದಾಗಿ ಅಳಿಸೈತೇನ್ರಿ ಕಾಕಾ?"

"ಅಳಸಾಕ ಮೊದಲ ಬಿದ್ದಿರಬೇಕಲ್ಲವಾ. ಈ ನಂಬರ ಕಂಪನ್ಯಾವರ ಹಾಕಿದ್ದು, ಅವು ಬಂದಾವು. ಹಾಕೋವಾಗ ನಾಲಿಗಿ ಗಾಲಿಗೆ ಹಿಡದಿಲ್ಲ, ಜಾರೈತಿ. ನೀ ಸನ್ನಿ ಎಳದಂಗೆಲ್ಲಾ ಮ್ಯಾಲಿನ ಮುಳ್ಳ ತಿರಗೈತಿ, ರೀಲ ಇದ್ದಲ್ಲೇ ಐತಿ." ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಹೊಸದಾಗಿ ಕಲಿಯೋರು ಎಲ್ಲಾರೂ ಮಾಡತಾರ. ನಾನೂ ಮಾಡೀನಿ, ಒಂದು ಮದವಿ ಪೂರಾ. ಇದರಾಗ ನೀ ಒಂದೂ ಫೋಟೋ ತಗದಿಲ್ಲ ತಂಗಿ."

ಒಂದೂ ಫೋಟೋ ತೆಗೆದಿಲ್ಲ. ಆ ಮಾತಿನ ಮೇಲೆ ನನ್ನ ಎದೆಯ ಭಾರ ಇಳಿಯಬೇಕಿತ್ತು. ಫೋಟೋವನ್ನೇ ತೆಗೆಯದ ಮೇಲೆ ಯಾವ ಆಯುಷ್ಯ, ಯಾವ ಕಣ್ಣು? ಇಪ್ಪತ್ತಮೂರು ವರ್ಷ ನಾನು ಮಾಡದ ಕೆಲಸಕ್ಕೆ ಶಿಕ್ಷೆ ಅನುಭವಿಸಿದ್ದೆ. ಅತ್ತೆ ಇದ್ದಿದ್ದರೆ ಹಣೆ ಚಚ್ಚಿಕೊಂಡು ನಗುತ್ತಿದ್ದರು. ನಾನು ಕಾಕಾನ ಸೊಸೆ ತಂದ ಚಹಾ ಕುಡಿದೆ, ಸಕ್ಕರೆ ಸರಿಯಾಗಿದೆ ಎಂದೆ. ಭಾರ ಇಳಿಯಲಿಲ್ಲ. ಇದ್ದ ಜಾಗದಲ್ಲೇ ಇತ್ತು, ಬೇರೆ ಭಾರವಾಗಿತ್ತು. ಇಷ್ಟು ದಿನ ತಪ್ಪು ನನ್ನದಿದ್ದರೂ ಮುಖವಾದರೂ ಇದೆ ಎಂದುಕೊಂಡಿದ್ದೆ. ಈಗ ತಪ್ಪೂ ಇಲ್ಲ, ಮುಖವೂ ಇಲ್ಲ.

ಕಾಕಾ ಒಣಗಿದ ರೀಲನ್ನು ಕತ್ತರಿಸದೆ ಹಾಗೆಯೇ ಸುತ್ತಿ ಕಾಗದದಲ್ಲಿ ಕಟ್ಟಿಕೊಟ್ಟರು. ಬರುವಾಗ ಬಸ್ಸಿನ ಕಿಟಕಿಯಿಂದ ಅದನ್ನು ಎಸೆಯಬಹುದಿತ್ತು. ಎಸೆದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಅಬ್ಬಿಗೇರಿಯವರೆಗೂ ಅದನ್ನೇ ಯೋಚಿಸಿದೆ. ಆದರೆ ನೆಗೆಣ್ಣಿ ಕೇಳಿದ ಮಾತು ತಲೆಯಲ್ಲಿತ್ತು: ಅದರಾಗ ಹಳೇ ರೀಲ ಐತೇನು?

ಮರುದಿನ ಊಟ ಮುಗಿದು ಪಾತ್ರೆ ಬೆಳಗಿದ ಮೇಲೆ ನಡುಮನೆಯಲ್ಲಿ ಅವಳ ಮುಂದೆ ಕೂತೆ. ಅವಳು ಮುಗಿದ ಕುಂಚಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಕ್ಕು ತೀಡುತ್ತಿದ್ದಳು. ಹೇಗೆ ಶುರುಮಾಡಬೇಕೆಂದು ತಿಳಿಯದೆ ಎಲ್ಲವನ್ನೂ ಒಂದೇ ಉಸುರಿಗೆ ಹೇಳಿದೆ. ಐದೇಶಿಯ ಮಧ್ಯಾಹ್ನ, ಅತ್ತೆ ಇರಲಿಲ್ಲ, ನೀನು ಮಲಗಿದ್ದಿ, ನಾನು ತೆಗೆದೆ.

"ನಾ ಮಲಗಿದ್ದಿಲ್ರಿ," ಎಂದಳು. "ಕಣ್ಣ ಮುಚ್ಚಿದ್ದೆ ಅಷ್ಟ. ಖಟ್ ಅಂದಿದ್ದು ಕೇಳಿಸಿತ್ತು."

ಸುಕ್ಕು ತೀಡುತ್ತಲೇ ಅವಳು ಮುಂದುವರಿಸಿದಳು.

"ಇವತ್ತ ಕೊಡ್ತಾರ, ನಾಳೆ ಕೊಡ್ತಾರ ಅಂತ ನೋಡಿದೆ. ಕೇಳಿದ್ರ ಅತ್ತಿಯಾರ ಕಿವಿಗೆ ಬಿದ್ದು ನಿಮ್ಮ ಮ್ಯಾಲ ಬರತಿತ್ತು. ಅವರು ಹೋದ ಮ್ಯಾಲ ಕೇಳೋಣು ಅಂದ್ರ, ನೀವ ತೊಳಸಿ ನೋಡಿರಬೇಕು, ಚಲೋ ಬಂದಿರಲಿಕ್ಕಿಲ್ಲ, ಅದಕ್ಕ ಸುಮ್ಮನದಾರ ಅನಿಸ್ತು." ಆಮೇಲೆ ಕುಂಚಿಗೆಯನ್ನೇ ನೋಡುತ್ತ, "ಕುಂಚಿಗಿ ನೆಪಕ್ಕಾದ್ರೂ ಟ್ರಂಕ ತಗೀತೀರಿ ಅಂದುಕೊಂಡೆ," ಎಂದಳು.

ಅವಳು ನನ್ನನ್ನು ಉಳಿಸಲು ಸುಮ್ಮನಿದ್ದಳು, ನಾನು ನನ್ನನ್ನು ಉಳಿಸಿಕೊಳ್ಳಲು ಸುಮ್ಮನಿದ್ದೆ. ಎರಡು ಸುಮ್ಮನಿರುವಿಕೆಗಳನ್ನು ಒಂದೇ ಒಲೆಯ ಮೇಲೆ ಇಷ್ಟು ವರ್ಷ ಬೇಯಿಸಿದ್ದೆವು. ನನಗೆ ನನ್ನ ಮೇಲೆ ಅಸಹ್ಯವಾಯಿತು. ಕಾಗದ ಬಿಚ್ಚಿ ರೀಲನ್ನು ಕೈಗೆ ಕೊಟ್ಟೆ. ನಾಲಿಗೆ ಜಾರಿದ್ದು, ಮುಳ್ಳು ಮಾತ್ರ ತಿರುಗಿದ್ದು, ಕಾಕಾ ಹೇಳಿದ್ದು ಎಲ್ಲ ಹೇಳಿದೆ. "ಏನೂ ಬಂದಿಲ್ಲವಾ. ನಾ ತಗದೇ ಇಲ್ಲ," ಎಂದೆ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ರೀಲನ್ನು ಬಿಚ್ಚಿ ಬೆಳಕಿಂಡಿಯ ಕಡೆ ಹಿಡಿದಳು. ಇನ್ನೊಂದು ತುದಿ ನೆಲಕ್ಕೆ ತಾಕುತ್ತಿತ್ತು, ನಾನು ಎತ್ತಿ ಹಿಡಿದುಕೊಂಡೆ.

"ಎಷ್ಟನೇದ್ದು?"

"ಹದಿನಾಲ್ಕು."

ಅವಳಿಗೆ ಈಗ ಹತ್ತಿರದ್ದು ಸರಿಯಾಗಿ ಕಾಣುವುದಿಲ್ಲ. ಕಣ್ಣು ಕಿರಿದು ಮಾಡಿ ಅಂಚಿನ ಅಂಕಿಗಳ ಮೇಲೆ ಬೆರಳು ಸರಿಸುತ್ತ ಹೋದಳು. ಹನ್ನೊಂದು, ಹನ್ನೆರಡು, ಹದಿಮೂರು. ಹದಿನಾಲ್ಕು ಎಂದು ಬರೆದಲ್ಲಿ ನಿಲ್ಲಿಸಿದಳು. ಆ ಮಬ್ಬು ಜಾಗವನ್ನು ಬಹಳ ಹೊತ್ತು ನೋಡಿದಳು.

"ನಂಬರ ಐತಿ," ಎಂದಳು.

ಆಮೇಲೆ ಕೈ ಇಳಿಸದೆಯೇ ಕೇಳಿದಳು: "ನೀವು ಕಿಂಡ್ಯಾಗ ನೋಡಿದ್ದಿರಲ್ರಿ. ಏನ ಕಂಡಿತ್ತು, ಹೇಳ್ರಿ. ನನಗ ಮುಖ ಮರತೈತಿ ಅಕ್ಕಾರ. ಮಗಳ ಮುಖಾನ ಬರತೈತಿ ಅದರ ಜಾಗಾದಾಗ."

ನಾನು ಹೇಳಿದೆ. ಎಲ್ಲವೂ ನೆನಪಿತ್ತು, ಇಷ್ಟು ನೆನಪಿದೆಯೆಂದು ನನಗೇ ಗೊತ್ತಿರಲಿಲ್ಲ. ಮುಖ ಎಡಗಡೆ ಹೊರಳಿತ್ತು. ಎಡಗೈ ಮುಷ್ಟಿ ಗಲ್ಲದ ಹತ್ತಿರ, ಹೆಬ್ಬೆರಳು ಒಳಗೆ ಮಡಚಿಕೊಂಡಿತ್ತು. ಹಣೆಯ ಮೇಲೆ ಹುಬ್ಬಿನವರೆಗೂ ಎಳೆಯ ಕೂದಲು. ನೀನು ಇಟ್ಟ ಕಾಡಿಗೆ ಬೊಟ್ಟು ಬೆವರಿಗೆ ಹೀಗೆ, ಕೆಳಗೆ ಜಾರಿತ್ತು. ಮೇಲ್ತುಟಿಯ ಮೇಲೆ ಒಂದು ಹಾಲಿನ ಗುಳ್ಳೆ. ಮೇಲಿದ್ದ ಕಿವಿ ತುದಿಯಲ್ಲಿ ಮಡಚಿತ್ತು, ಅದರ ಮೇಲೆ ಬಿಸಿಲು ಬಿದ್ದು ಕಿವಿ ಕೆಂಪಗೆ ಕಂಡಿತ್ತು. ಮುಗುಳ್ನಗಲಿ ಎಂದು ಕಾದೆ, ನಗಲಿಲ್ಲ, ಆಕಳಿಸಿತು. ಆಗ ಒತ್ತಿದೆ.

ನೆಗೆಣ್ಣಿ ಕಣ್ಣು ಮುಚ್ಚಿಕೊಂಡು ಕೇಳಿದಳು, ಅವತ್ತು ಮುಚ್ಚಿಕೊಂಡ ಹಾಗೆಯೇ ಇರಬೇಕು. ಒಂದು ಕೈಯಲ್ಲಿ ರೀಲು, ಇನ್ನೊಂದು ಕೈ ಕುಂಚಿಗೆಯ ಟೊಪ್ಪಿಗೆಯೊಳಗೆ.

"ಇನ್ನೊಮ್ಮೆ ಹೇಳ್ರಿ," ಎಂದಳು.

ಮತ್ತೆ ಹೇಳತೊಡಗಿದೆ. ಮುಷ್ಟಿಯವರೆಗೆ, ಕೂದಲಿನವರೆಗೆ, ಕಾಡಿಗೆಯವರೆಗೆ ಸರಿಯಾಗಿ ಹೇಳಿದೆ. ಕಿವಿಯ ಹತ್ತಿರ ಬಂದಾಗ ಇಪ್ಪತ್ತಮೂರು ವರ್ಷಗಳಲ್ಲಿ ಬರದಿದ್ದ ಅಳು ಬಂತು, ನನಗೆ ಮುಂದೆ ಹೇಳಲಾಗಲಿಲ್ಲ. ಉಳಿದದ್ದನ್ನು ಅವಳೇ ಹೇಳಿ ಮುಗಿಸಿದಳು.